ಮೊಸಳೆಮೀನಿನ ಉಸಿರೆಣಿಕೆ

ಉಸಿರು ತೆಗೆದುಕೊಳ್ಳಲು ಮೇಲೆ ಬಂದದ್ದೇ ಅಪರಾಧವೆಂದು ಒಂದು ಜೀವವನ್ನು ಕೊಲ್ಲುವ ಯಂತ್ರವಿದ್ದರೆ ಹೇಗಿರುತ್ತದೆ? ಕೇಳಲು ಕ್ರೂರವಾಗಿದೆ, ನಿಜ. ಆದರೆ ಹೊಳೆಸಂಗಾಪುರದ ಜಲಾಶಯದಲ್ಲಿ ಅಂಥದೊಂದು ಯಂತ್ರ ಹನ್ನೊಂದು ವರ್ಷ ಕೆಲಸ ಮಾಡಿತು. ಊರವರು ಆಯುಧಪೂಜೆಯ ದಿನ ಅದಕ್ಕೆ ಕುಂಬಳಕಾಯಿಯನ್ನೂ ಒಡೆದರು. ಅವರನ್ನು ಬೈಯುವ ಮೊದಲು ಆ ಮೀನಿನ ಪರಿಚಯ ಮಾಡಿಕೊಳ್ಳಿ.

ಊರವರು ಅದನ್ನು ಮೊಸಳೆಮೀನು ಎನ್ನುತ್ತಿದ್ದರು. ಆಳುದ್ದ ಮೈ, ಮೊಸಳೆಯದೇ ಮೂತಿ, ಮೇಲ್ದವಡೆಯಲ್ಲಿ ಎರಡೆರಡು ಸಾಲು ಹಲ್ಲು. ಹುರುಪೆಯೋ, ಕುಡುಗೋಲು ಬೀಸಿದರೆ ಕುಡುಗೋಲೇ ಮೊಂಡಾಗಬೇಕು. ಮೊಟ್ಟೆ ತಿಂದರೆ ವಿಷ. ಡೈನೋಸಾರ್‌ಗಳು ನೀರು ಕುಡಿಯಲು ಬರುತ್ತಿದ್ದ ಕಾಲದಲ್ಲಿ ಇದರ ಮುತ್ತಾತಂದಿರು ಹೇಗಿದ್ದರೋ ಇದೂ ಹೆಚ್ಚುಕಡಿಮೆ ಹಾಗೆಯೇ ಇತ್ತು, ಬದಲಾಗುವ ಗೋಜಿಗೇ ಹೋಗಿರಲಿಲ್ಲ. ದಿನವಿಡೀ ಕೊರಡಿನಂತೆ ಅಲ್ಲಾಡದೆ ಬಿದ್ದಿರುವುದು, ಹತ್ತಿರ ಸುಳಿದ ಮೀನನ್ನು ಪಕ್ಕಕ್ಕೆ ತಲೆ ಬೀಸಿ ಹಿಡಿಯುವುದು, ನುಂಗಿ ಮತ್ತೆ ಕೊರಡಾಗುವುದು. ಇಷ್ಟೇ ಅದರ ಸಂಸಾರ. ಯಾರೋ ಪುಣ್ಯಾತ್ಮರು ಎಲ್ಲಿಂದಲೋ ತರಿಸಿ ಗಾಜಿನ ತೊಟ್ಟಿಯಲ್ಲಿ ಸಾಕಿ, ತೊಟ್ಟಿ ಸಾಲದಾದಾಗ ಹೊಳೆಗೆ ಸುರಿದಿದ್ದರು. ಮುಂದಿನ ಹತ್ತು ಹನ್ನೆರಡು ವರ್ಷಗಳಲ್ಲಿ ಆ ಸಂತಾನ ಹಿನ್ನೀರಿನ ಬಾಳೆಮೀನಿನಿಂದ ಸೀಗಡಿಯ ತನಕ ಎಲ್ಲವನ್ನೂ ತಿಂದು ತೇಗಿತು. ಹೊಳೆಯನ್ನೇ ನಂಬಿದ್ದ ಅಂಬಿಗರ ಬಲೆಗಳು ಮನೆಯ ಜಂತಿಗೆ ಸೇರಿದವು.

ಈ ಮೀನಿಗೆ ಒಂದು ವಿಶೇಷವಿದೆ. ಕಿವಿರಿನ ಜೊತೆಗೆ ಹೊಟ್ಟೆಯೊಳಗೆ ಪುಪ್ಪುಸದಂತೆ ಕೆಲಸ ಮಾಡುವ ಒಂದು ಗಾಳಿಚೀಲ. ನೀರಿನಲ್ಲಿ ಆಮ್ಲಜನಕ ಸಾಲದೇ ಹೋದರೆ ಬೇರೆ ಮೀನುಗಳಂತೆ ಸಾಯುತ್ತಾ ಕೂರುವುದಿಲ್ಲ, ಮೇಲೆ ಬಂದು ಗಾಳಿ ಕುಡಿದು ಹೋಗುತ್ತದೆ. ಕುಡಿಯುವ ಮೊದಲು ಗುಳ್ಳೆ ಬಿಡುತ್ತದೆ, ಆಮೇಲೆ ‘ಗುಟುಕ್’ ಎಂದು ಒಂದು ಸದ್ದು. ಆ ಸದ್ದನ್ನೇ ಹಿಡಿದರು ಮೀನು ಸಂಶೋಧನಾ ಕೇಂದ್ರದ ಡಾಕ್ಟರ್ ಇಕ್ಬಾಲ್ ಅತ್ತಾರ. ನೀರಿನ ಮೇಲೆ ಸೋರೆಬುರುಡೆಯಂಥ ನೂರಿಪ್ಪತ್ತು ಡಬ್ಬಿಗಳನ್ನು ತೇಲಿಬಿಟ್ಟರು. ಪ್ರತಿಯೊಂದರ ಕೆಳಗೆ ನೀರೊಳಗಿನ ಸದ್ದು ಕೇಳುವ ಮೈಕು, ಮೇಲೆ ಒಂದು ಕೆಂಪು ದೀಪ. ಊರವರು ಅವುಗಳನ್ನು ‘ಕಿವಿಬುಡ್ಡಿ’ ಎಂದು ಕರೆದರು. ಮೀನು ಗುಟುಕರಿಸಿದ ಜಾಗವನ್ನು ಕಿವಿಬುಡ್ಡಿಗಳು ಲೆಕ್ಕಹಾಕಿ ಹೇಳುತ್ತಿದ್ದವು, ಆಳಿಲ್ಲದೆ ಓಡುವ ಈಟಿದೋಣಿ ಅಲ್ಲಿಗೆ ಹೋಗಿ ಕಾದಿದ್ದು ಮುಂದಿನ ಉಸಿರಿಗೆ ಸರಿಯಾಗಿ ಈಟಿ ಹೊಡೆಯುತ್ತಿತ್ತು. ಹನ್ನೊಂದು ವರ್ಷಗಳಲ್ಲಿ ಮೂರು ಸಾವಿರದ ಏಳುನೂರು ಮೀನು ಹೋದವು. ಕೊನೆಗೆ ಉಳಿದದ್ದು ಒಂಬತ್ತು.

ಆ ಒಂಬತ್ತರ ಉಸಿರನ್ನು ಪರದೆಯ ಮೇಲೆ ನೋಡುತ್ತಾ ಕೂರುವ ಕೆಲಸ ಕಸ್ತೂರಿ ಅಂಬಿಗೇರಳದು.

ಅಣೆಕಟ್ಟಿನ ಪಕ್ಕದ ಗುಡ್ಡದ ಮೇಲೆ ನಿಯಂತ್ರಣ ಕೊಠಡಿ. ಅಲ್ಲಿ ಅವಳದು ಒಂಬತ್ತು ವರ್ಷಗಳ ನೌಕರಿ. ಒಂದೊಂದು ಮೀನಿನ ಗುಟುಕೂ ಬೇರೆಬೇರೆ, ಕೇಳಿದ ಕೂಡಲೇ ಇದು ಎಷ್ಟನೇ ನಂಬರೆಂದು ಹೇಳುತ್ತಿದ್ದಳು. ಚಿತ್ತಿ ಮಳೆ ಶುರುವಾಗಬೇಕಿದ್ದ ಆ ಸೋಮವಾರ ಅತ್ತಾರ ಸಾಹೇಬರು ಬಹಳ ಖುಷಿಯಲ್ಲಿ ಒಳಗೆ ಬಂದರು.

“ಶುಕ್ರವಾರಕ್ಕ ಒಂಬತ್ತೂ ಮುಗಸೂಣು ಕಸ್ತೂರಿ. ಮಂತ್ರಿಗಳು ಬರ್ತಾರಂತ. ಕೆಳಗ ಪೆಂಡಾಲ್ ಹಾಕಾಕತ್ತಾರ ನೋಡು, ‘ಮೊಸಳೆಮೀನು ಮುಕ್ತ ಜಲಾಶಯ’ ಅಂತ ಬೋರ್ಡೂ ಬಂದೈತಿ.”

“ಸರ, ಒಂದೀಟು ಇಲ್ಲಿ ನೋಡ್ರಿ,” ಎಂದಳು ಕಸ್ತೂರಿ.

ಪರದೆಯ ಮೇಲೆ ಹಳೆಯ ದಾಖಲೆಗಳಿದ್ದವು. ಜಲಾಶಯದಲ್ಲಿ ಪ್ರತಿ ವರ್ಷ ಒಂದೆರಡು ಸಲ ನೀರು ಕೆಡುತ್ತಿತ್ತು. ಪಾಚಿ ಕೊಳೆತು ತಳದ ನೀರಿನಲ್ಲಿ ಆಮ್ಲಜನಕ ಉಳಿಯುತ್ತಿರಲಿಲ್ಲ. ಮೂಡಲಿಂದ ಜೋರು ಗಾಳಿ ಬೀಸಿದರೆ ಮೇಲಿನ ಒಳ್ಳೆಯ ನೀರು ಪಡುವಣ ದಂಡೆಗೆ ಜರುಗಿ, ಅಣೆಕಟ್ಟಿನ ಕಡೆ ಆ ಸತ್ತ ನೀರು ಮೇಲೇಳುತ್ತಿತ್ತು. ಅದು ಹರಡಿದ ಕಡೆ ಮೀನುಗಳೆಲ್ಲ ಬೆಳ್ಳಗೆ ತೇಲುತ್ತಿದ್ದವು. ಬಲೆ ಬಿಟ್ಟ ಅಂಬಿಗರು ಸೊಸೈಟಿ ಮಾಡಿಕೊಂಡು ಪಂಜರಗಳಲ್ಲಿ ತಿಲಾಪಿಯಾ ಮೀನು ಸಾಕಲು ಶುರುಮಾಡಿದ ಮೇಲಂತೂ ಈ ಸತ್ತ ನೀರೆಂದರೆ ಅವರಿಗೆ ಯಮ. ಆಮ್ಲಜನಕ ಅಳೆಯುವ ಉಪಕರಣಗಳಿದ್ದವು, ಇಲ್ಲವೆಂದಲ್ಲ. ವಾರದೊಳಗೆ ಅವುಗಳಿಗೆ ಲೋಳೆ ಹತ್ತಿ, ನೀರು ಸತ್ತರೂ ‘ಎಲ್ಲ ಚೆನ್ನಾಗಿದೆ’ ಎಂದೇ ಹೇಳುತ್ತಿದ್ದವು.

“ಹದಿನಾಲ್ಕು ಸಲ ನೀರು ಕೆಟ್ಟೈತ್ರಿ. ಹದಿನಾಲ್ಕು ಸಲಾನೂ ಎರಡು ಮೂರು ತಾಸು ಮೊದಲ ಇವು ಉಸಿರು ಜಾಸ್ತಿ ಮಾಡ್ಯಾವು. ನಾವು ಆ ಉಸಿರನ್ನ ಈಟಿಗೆ ಗುರಿ ಇಡಾಕಷ್ಟ ನೋಡಿದ್ವಿ.”

ಸಾಹೇಬರು ಕನ್ನಡಕ ಏರಿಸಿಕೊಂಡು ನೋಡಿದರು. “ಬಿಸಲಿಗೂ ಜಾಸ್ತಿ ಉಸಿರಾಡ್ತಾವ ಬೇ. ನೀರು ಕಾದಷ್ಟೂ ಉಸಿರು ಹೆಚ್ಚು. ಇದನ್ನ ನಾನ ಬರದೀನಿ.”

“ಅದು ಖರೇರಿ. ಆದ್ರ...”

“ಆದ್ರ ಗೀದ್ರ ಶುಕ್ರವಾರ ಮುಗದಮ್ಯಾಲ,” ಎಂದು ಸಾಹೇಬರು ಚಹಾ ಕುಡಿಯಲು ಹೋದರು. ಕೆಟ್ಟ ಮನುಷ್ಯರಲ್ಲ ಅವರು. ಹನ್ನೊಂದು ವರ್ಷ ಒಂದೇ ಕೆಲಸ ಮಾಡಿದವರಿಗೆ ಅದು ಮುಗಿಯುವ ಹೊತ್ತಿನಲ್ಲಿ ಬೇರೆ ಮಾತು ಕಿವಿಗೆ ಬೀಳುವುದಿಲ್ಲ, ಅಷ್ಟೇ.

ಸಂಜೆ ಮನೆಯಲ್ಲಿ ಅಪ್ಪ ಯಮನಪ್ಪ ರೊಟ್ಟಿ ಬಡಿಯುತ್ತಿದ್ದ. ಹೆಂಡತಿ ತೀರಿಕೊಂಡ ಮೇಲೆ ಕಲಿತದ್ದು. ಈಗ ಓಣಿಯ ಹೆಂಗಸರೇ ಬಂದು ನೋಡಿಹೋಗುವಷ್ಟು ತೆಳ್ಳಗೆ ಬಡಿಯುತ್ತಿದ್ದ. ಅರವತ್ತೆರಡರ ಪ್ರಾಯ, ತೋಳಿನಲ್ಲಿ ಇನ್ನೂ ಹುಟ್ಟು ಹಾಕಿದ ಕಸುವು. ಆದರೆ ಊರಿಗೇ ಒಳ್ಳೆಯ ಬಲೆಗಾರ ಎನ್ನಿಸಿಕೊಂಡಿದ್ದ ಆ ಮನುಷ್ಯ ಕಸ್ತೂರಿಗೆ ತಿಳಿವಳಿಕೆ ಬಂದಾಗಿನಿಂದ ಬಲೆ ಮುಟ್ಟಿದ್ದನ್ನು ಅವಳು ಕಂಡಿರಲಿಲ್ಲ. ಪಂಜರದ ಮೀನಿಗೆ ಕಾಳು ಹಾಕುತ್ತಿದ್ದ, ಬೇರೆಯವರ ಪಂಜರ ಹರಿದರೆ ಹೊಲಿದು ಕೊಡುತ್ತಿದ್ದ. ಹೊಳೆಯ ಮೀನನ್ನು ಬಾಯಿಗೂ ಹಾಕುತ್ತಿರಲಿಲ್ಲ.

“ಎಪ್ಪಾ, ಆ ಒಂಬತ್ತನ್ನ ಉಳಸಬೇಕು ಅನಸ್ತೈತಿ ನನಗ,” ಎಂದಳು ಕಸ್ತೂರಿ. ಏಕೆಂಬುದನ್ನೂ ಬಿಡಿಸಿ ಹೇಳಿದಳು.

ಯಮನಪ್ಪನ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂದರೂ ತಿರುವಿ ಹಾಕಲಿಲ್ಲ.

“ಒಂದೂ ಉಳೀಬಾರ್ದು,” ಎಂದ. “ಕಡೀದು ಸಾಯೂದನ್ನ ನೋಡೇ ನಾ ಸಾಯಬೇಕು.”

“ಎದಕಪಾ ಅಷ್ಟು ಸಿಟ್ಟು?”

“ಎದಕಂದ್ರ, ಅದನ್ನ ಹೊಳಿಗೆ ಬಿಟ್ಟಾಂವ ನಾ.”

ಕಸ್ತೂರಿ ತಮಾಷೆಯೆಂದುಕೊಂಡಳು. ಅಪ್ಪನ ಮುಖದಲ್ಲಿ ತಮಾಷೆಯಿರಲಿಲ್ಲ.

ಅಂಬಿಗರಲ್ಲಿ ಒಂದು ಪದ್ಧತಿ. ಹೊಸ ಬಲೆ ಬೀಸಿದಾಗ ಸಿಗುವ ಮೊದಲ ಮೀನು ಗಂಗವ್ವನದು. ಅದಕ್ಕೆ ಅರಿಶಿನ ಮುಟ್ಟಿಸಿ ಮರಳಿ ನೀರಿಗೆ ಬಿಡಬೇಕು. ಅದು ಯಾವ ಮೀನು, ದೊಡ್ಡದೋ ಸಣ್ಣದೋ ಎಂದು ನೋಡುವಂತಿಲ್ಲ. ಯಮನಪ್ಪನಿಗೆ ಇಪ್ಪತ್ನಾಲ್ಕು ವರ್ಷವಿದ್ದಾಗ, ಹೊಸ ಬಲೆಯ ಮೊದಲ ಬೀಸಿನಲ್ಲೇ ಗೇಣುದ್ದದ ಒಂದು ವಿಚಿತ್ರ ಬಂತು. ಮೊಸಳೆಯ ಮೂತಿ, ಸೂಜಿಯಂಥ ಹಲ್ಲು. ಅಂಥದನ್ನು ಅವನು ಹಿಂದೆಂದೂ ಕಂಡಿರಲಿಲ್ಲ. ಕೊಂದುಬಿಡಬೇಕೆಂದು ಕೈ ಎತ್ತಿದವನು ಗಂಗವ್ವನ ಹೆಸರಿಗೆ ಹೆದರಿದ. ಅರಿಶಿನ ಹಚ್ಚಿ, ಕೈಮುಗಿದು, ಬಿಟ್ಟ.

“ಹತ್ತು ವರ್ಷಕ್ಕ ಹೊಳಿ ಖಾಲಿ ಆತು. ಊರ ಮಂದಿ ಬಾಯಾಗ ಮಣ್ಣು ಹಾಕಿದಾಂವ ನಾ. ನಿಮ್ಮವ್ವಗೂ ಹೇಳ್ಲಿಲ್ಲ. ಅಂದಿಂದ ಬಲಿ ಮುಟ್ಟಿಲ್ಲ.” ಅವನ ಕಣ್ಣಲ್ಲಿ ನೀರು ತುಂಬಿತು. ಹಿಟ್ಟಿನ ಕೈಯಲ್ಲೇ ಒರೆಸಿಕೊಂಡ.

“ಒಂದ ಮೀನು ಒಬ್ಬಂಟಿಯಾಗಿ ಮರಿ ಮಾಡತೈತೇನಪಾ? ಮಂದಿ ತಂದು ಸುರುವಿದ್ದು ಎಷ್ಟೋ ಇದ್ವು.”

“ಜೋಡಿ ಆಗಾಕ ಒಂದು ಕಡಿಮಿ ಇತ್ತೇನೋ. ಆ ಒಂದು ನಂದು.”

ಅದಕ್ಕೆ ಯಾವ ವಿಜ್ಞಾನವೂ ಉತ್ತರ ಕೊಡಲಾರದು. ಕಸ್ತೂರಿ ಎದ್ದು ಸೀದ ರೊಟ್ಟಿಯನ್ನು ತೆಗೆದು, ಅದನ್ನೇ ಮುರಿದು ತಿಂದಳು. ಅಪ್ಪನ ಎದೆಯ ಮೇಲಿನ ಕಲ್ಲನ್ನು ಎತ್ತುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಆ ಒಂಬತ್ತು ಸತ್ತರೂ ಅದು ಇಳಿಯುವಂಥದ್ದಲ್ಲ ಎಂಬುದು ಮಾತ್ರ ಗೊತ್ತಾಯಿತು.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಮೂಡಗಾಳಿ ಎದ್ದಿತು. ಹನ್ನೊಂದರ ಹೊತ್ತಿಗೆ ಪರದೆಯ ಮೇಲಿನ ಗೆರೆಗಳು ಒತ್ತೊತ್ತಾದವು. ಮಾಮೂಲಾಗಿ ಒಂಬತ್ತು ನಿಮಿಷಕ್ಕೊಮ್ಮೆ ಗುಟುಕರಿಸುವ ಮೀನು ನಾಲ್ಕು ನಿಮಿಷಕ್ಕೆ ಬಂತು, ಆಮೇಲೆ ಎರಡು ನಿಮಿಷಕ್ಕೆ. ಅಣೆಕಟ್ಟಿನ ಆಳದಲ್ಲಿ ವಾಸವಾಗಿದ್ದ ಎಂಟೂ ಹಾಗೆಯೇ. ಈಟಿದೋಣಿಗೆ ಹಬ್ಬ. ಇಷ್ಟು ಸಲ ಮೇಲೆ ಬರುವ ಮೀನನ್ನು ಹೊಡೆಯುವುದು ಎಷ್ಟು ಹೊತ್ತಿನ ಕೆಲಸ! ಅದು ಆಗಲೇ ಏಳನೇ ನಂಬರಿನ ಕಡೆಗೆ ಹೊರಟಿತ್ತು.

ಕಸ್ತೂರಿ ದೋಣಿಯನ್ನು ನಿಲ್ಲಿಸುವ ಗುಂಡಿ ಒತ್ತಿದಳು. ಹನ್ನೊಂದು ವರ್ಷಗಳಲ್ಲಿ ಅದನ್ನು ಯಾರೂ ಒತ್ತಿರಲಿಲ್ಲ.

“ಏ, ಏನ್ ಮಾಡ್ದಿ?” ಅತ್ತಾರ ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು.

“ಸತ್ತ ಮೀನು ಸುದ್ದಿ ಹೇಳೂದಿಲ್ರಿ ಸರ. ನೋಡ್ರಿ, ನೀರು ಕೆಡಾಕತ್ತೈತಿ.”

“ಬಿಸಲು ಅಂತ ಹೇಳಿನಲ್ಲ! ಮೀಟರ್ ನೋಡು, ಆಮ್ಲಜನಕ ಐದೂವರಿ ಐತಿ, ಬೇಕಾದಷ್ಟಾತು.”

“ಮೀಟರಿಗೆ ಲೋಳಿ ಹತ್ತೈತ್ರಿ. ನೀರಿನ ಬಿಸಿ ನಿನ್ನೆ ಇದ್ದಷ್ಟ ಐತಿ, ನಿನ್ನೆ ಒಂಬತ್ತು ನಿಮಿಷಕ್ಕೊಮ್ಮೆ ಬರ್ತಿದ್ವು. ಹೋಗ್ಲಿ, ನಾಲ್ಕನೇದನ್ನ ನೋಡ್ರಿ.”

ನಾಲ್ಕನೇ ನಂಬರು ಉಳಿದವುಗಳ ಗೊಡವೆಯಿಲ್ಲದೆ ಜಲಾಶಯದ ಪಡುವಣ ತುದಿಯಲ್ಲಿ, ಹಳ್ಳ ಬಂದು ಸೇರುವ ಬಾಯಲ್ಲಿ ಇರುತ್ತಿತ್ತು. ಅಲ್ಲೂ ಅದೇ ಬಿಸಿಲು, ನೀರಿಗೆ ಅಷ್ಟೇ ಬಿಸಿ. ಅದು ಮಾತ್ರ ಆರಾಮಾಗಿ ಒಂಬತ್ತು ನಿಮಿಷಕ್ಕೊಂದು ಗುಟುಕು ಕುಡಿಯುತ್ತಿತ್ತು.

ಸಾಹೇಬರು ಎರಡೂ ಗೆರೆಗಳನ್ನು ನೋಡಿದರು. ಮತ್ತೊಮ್ಮೆ ನೋಡಿದರು. ಬಿಸಿಲೇ ಕಾರಣವಾಗಿದ್ದರೆ ಒಂಬತ್ತಕ್ಕೂ ತಟ್ಟಬೇಕಿತ್ತು. “ಯಾ ಅಲ್ಲಾ,” ಎಂದು ಕುಳಿತರು. “ಹನ್ನೊಂದು ವರ್ಷ ಇದನ್ನ ಕಣ್ಣ ಮುಂದ ಇಟ್ಕೊಂಡು ಈಟಿ ಹೊಡದ್ನೇನ್ ನಾ?”

“ಪಂಜರ ನಡುವಿನ ಕೊಲ್ಲಿಯಾಗ ಅದಾವ್ರಿ. ಸತ್ತ ನೀರು ಅಲ್ಲಿ ಮುಟ್ಟಾಕ ಎರಡು ತಾಸು.”

“ಹಂಗಾರ ಹಳ್ಳದ ಬಾಯಿಗೆ ಎಳೀರಿ. ಅಲ್ಲಿ ನೀರು ಚಲೋ ಐತಂತ ನಾಲ್ಕನೇದ ಹೇಳಾಕತ್ತೈತಲ್ಲ! ನೀ ಓಡು. ನಾ ಇಲ್ಲಿ ಕುಂತು ಉಸಿರು ಎಣಿಸಿ ಫೋನಿನ್ಯಾಗ ಹೇಳ್ತೀನಿ. ದೋಣಿ ನಿಲ್ಲಿಸಿದ್ದು ನಾ ಅಂತ ಬರಕೋತೀನಿ, ಹೋಗ!”

ಕಸ್ತೂರಿ ಬೈಕಿನಲ್ಲಿ ಗುಡ್ಡ ಇಳಿದಳು. ಕೊಲ್ಲಿಯಲ್ಲಿ ಅರವತ್ತು ಪಂಜರಗಳು ಸಾಲಾಗಿ ತೇಲುತ್ತಿದ್ದವು. ಮನೆಗೊಂದರಂತೆ ನಲವತ್ತೆಂಟು, ಉಳಿದ ಹನ್ನೆರಡು ಸೊಸೈಟಿಯ ಅಧ್ಯಕ್ಷ ಭರಮಪ್ಪ ಸುಣಗಾರನ ಅಣ್ಣತಮ್ಮಂದಿರವು. ಮೀನು ಬಲಿತಿತ್ತು. ಇನ್ನು ಹದಿನೈದು ದಿನಕ್ಕೆ ಎತ್ತಬೇಕು. ವರ್ಷವಿಡೀ ಊರು ಉಣ್ಣಬೇಕಾದ್ದು ಆ ಬಲೆಗೂಡುಗಳಲ್ಲಿ ಈಜಾಡುತ್ತಿತ್ತು.

ಅವಳ ಮಾತು ಕೇಳಿ ಭರಮಪ್ಪ ನಕ್ಕೇಬಿಟ್ಟ. “ಬಲ್ತ ಮೀನು ಎರಡು ಕಿಲೋಮೀಟರ್ ಎಳದ್ರ ಬಲಿಗೆ ತಿಕ್ಕಿ ತಿಕ್ಕಿ ಅರ್ಧ ಸಾಯ್ತಾವವಾ. ನೀರು ನೋಡು, ಕನ್ನಡಿ ಇದ್ದಂಗೈತಿ. ಆ ಮೊಸಳಿಮೀನು ಗುಟುಕರಿಸಿದ್ರ ನಾವು ಗಂಟುಮೂಟಿ ಕಟ್ಟಬೇಕೇನು?”

ಅವನು ಹೇಳಿದ್ದರಲ್ಲೂ ಸುಳ್ಳಿರಲಿಲ್ಲ. ಎಳೆದಾಗ ಸಾಯುವ ಮೀನು ಸಾಯುತ್ತದೆ. ಮಂದಿ ಒಬ್ಬರ ಮುಖ ಒಬ್ಬರು ನೋಡಿದರು. ಆಮೇಲೆ ಎಲ್ಲರೂ ಯಮನಪ್ಪನ ಕಡೆ ತಿರುಗಿದರು, ನೀರಿನ ವಿಷಯದಲ್ಲಿ ಅವನ ಮಾತಿಗೆ ಇನ್ನೂ ಅಷ್ಟು ಬೆಲೆ. ಒಂದೂ ಉಳಿಯಬಾರದೆಂದು ಮೊನ್ನೆಯಷ್ಟೇ ಹೇಳಿದ ಅಪ್ಪ ಆ ಮೀನಿನ ಮಾತು ನಂಬುತ್ತಾನೆಯೇ?

“ಎಷ್ಟು ನಿಮಿಷಕ್ಕೊಮ್ಮೆ ಬರಾಕತ್ತಾವು?” ಯಮನಪ್ಪ ಕೇಳಿದ.

“ಎರಡು. ಎಂಟೂ.”

ಅವನು ಅಣೆಕಟ್ಟಿನ ಕಡೆ ಒಂದು ಗಳಿಗೆ ನೋಡಿದ. “ನಾನೂ ಅವುಗಳ ಸಾವು ಬೇಡಿದಾಂವನ. ಆದ್ರ ಉಸಿರು ಕಟ್ಟಿದ ಜೀವ ಎದಕ ಸುಳ್ಳು ಹೇಳೀತು? ಅದಕ್ಕ ನಮ್ಮ ಹಂಗೇನೈತಿ?” ಎಂದವನೇ ಸೊಂಟದ ಮಚ್ಚು ತೆಗೆದು ತನ್ನ ಪಂಜರದ ಲಂಗರಿನ ಹಗ್ಗವನ್ನು ಒಂದೇ ಏಟಿಗೆ ಕಡಿದ.

ಆಮೇಲೆ ಶುರುವಾಯಿತು ನೋಡಿ ಗದ್ದಲ. ಎಂಜಿನ್ ದೋಣಿಗಳು ಹದಿಮೂರೇ ಇದ್ದವು. ಮೂರು ನಾಲ್ಕು ಪಂಜರಗಳನ್ನು ಒಂದಕ್ಕೊಂದು ಬಿಗಿದು ಎಳೆದರು. ಹೆಂಗಸರು ಪಂಜರದ ಚೌಕಟ್ಟಿನ ಮೇಲೇ ಕುಳಿತು ಬಲೆ ಮುದುಡದಂತೆ ಕಾಲಲ್ಲಿ ಒತ್ತಿ ಹಿಡಿದರು. ಜೋರು ಮಾಡಿದರೆ ಮೀನು ತಿಕ್ಕುತ್ತದೆ, ಮೆಲ್ಲಗೆ ಹೋದರೆ ಸತ್ತ ನೀರು ಹಿಂದಿನಿಂದ ಬರುತ್ತದೆ. “ಸಾವಕಾಶ, ಲೇ! ಮದುವಿ ಹೆಣ್ಣು ಕರಕೊಂಡು ಹೋದಂಗ ಹೋಗ್ರಿ!” ಎಂದು ಯಮನಪ್ಪ ಮುಂದಿನ ದೋಣಿಯಿಂದ ಕೂಗುತ್ತಿದ್ದ. ಕಸ್ತೂರಿಯ ಕಿವಿಯಲ್ಲಿ ಅತ್ತಾರ ಸಾಹೇಬರ ಲೆಕ್ಕ ನಡೆದೇ ಇತ್ತು. “ನಾಲ್ಕನೇದು ಒಂಬತ್ತು ನಿಮಿಷ. ಮತ್ತ ಒಂಬತ್ತು. ಶಾಬಾಷ್, ಬರ್ರಿ, ಬರ್ರಿ.”

ಕೊನೆಯ ಸಾಲು ಹಳ್ಳದ ಬಾಯಿ ಸೇರುವಾಗ ಒಂದೂವರೆ ಗಂಟೆ. ಅಷ್ಟರಲ್ಲಿ ಹಿಂದಿನ ಕೊಲ್ಲಿಯ ನೀರು ಕಂದುಬಣ್ಣಕ್ಕೆ ತಿರುಗಿತ್ತು, ಕೊಳೆತ ಮೊಟ್ಟೆಯ ನಾತ ಗಾಳಿಯಲ್ಲಿ ಬಂತು. ಎಳೆಯದೆ ಅಲ್ಲೇ ಬಿಟ್ಟಿದ್ದ ಭರಮಪ್ಪನ ಪಂಜರಗಳಲ್ಲಿ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಅವನು ದಂಡೆಯ ಮೇಲೆ ತಲೆಯ ಮೇಲೆ ಕೈಹೊತ್ತು ನಿಂತಿದ್ದ.

ಯಮನಪ್ಪ ದೋಣಿ ತಿರುಗಿಸಿ ಕೊಲ್ಲಿಗೆ ಬಂದ. “ಭರಮಾ, ಮಾತು ಆಮ್ಯಾಲ ಆಡೂಣು, ಹಗ್ಗ ಒಗಿ!” ಉಳಿದ ಹನ್ನೆರಡು ದೋಣಿಗಳೂ ಅವನ ಹಿಂದೆ ಬಂದವು. ಭರಮಪ್ಪನ ಹನ್ನೆರಡರಲ್ಲಿ ಐದು ಪಂಜರ ಉಳಿದವು. ಏಳು ಬೆಳ್ಳಗಾದವು.

ಮಂತ್ರಿಗಳು ಬರಲಿಲ್ಲ, ನಾತ ಅಷ್ಟಿತ್ತು. ಪೆಂಡಾಲ್ ಮಾತ್ರ ನಿಂತೇ ಇತ್ತು. ಶುಕ್ರವಾರ ಅಲ್ಲಿಯೇ ಸೊಸೈಟಿಯ ಸಭೆ ಸೇರಿತು. ಅತ್ತಾರ ಸಾಹೇಬರು ಯೋಜನೆ ಹೇಳಿದರು. ಒಂಬತ್ತರಲ್ಲಿ ಆರು ಹೆಣ್ಣು, ಮೂರು ಗಂಡು. ಗಂಡುಗಳನ್ನು ಜೀವಂತ ಹಿಡಿದು ಕೇಂದ್ರದ ಕೊಳಕ್ಕೆ ಹಾಕುವುದು. ಆರು ಹೆಣ್ಣು ಹೊಳೆಯಲ್ಲಿರಲಿ. ಮರಿಯಾಗುವುದಿಲ್ಲ, ಆರು ಹೊಟ್ಟೆಗೆ ಹೊಳೆಯೇನೂ ಬರಿದಾಗುವುದಿಲ್ಲ, ಇನ್ನೂ ಮೂವತ್ತು ನಲವತ್ತು ವರ್ಷ ಬದುಕಿ ನೀರು ಕೆಡುವ ಸುದ್ದಿ ಹೇಳುತ್ತಿರುತ್ತವೆ. ಕಿವಿಬುಡ್ಡಿಗಳು ಇರುತ್ತವೆ, ಈಟಿ ಇರುವುದಿಲ್ಲ. ಸೊಸೈಟಿ ಒಪ್ಪಬೇಕು.

“ಅಪ್ಪನ ಕಾಲದಿಂದ ನಮ್ಮನ್ನ ತಿಂದ ಮೀನು. ನಾ ಹೆಂಗ ಕೈ ಎತ್ಲಿ?” ಎಂದ ಭರಮಪ್ಪ. ಏಳು ಪಂಜರ ಕಳೆದುಕೊಂಡವನ ಮಾತಿಗೆ ಯಾರೂ ಎದುರಾಡಲಿಲ್ಲ.

ಆಗ ಯಮನಪ್ಪ ಎದ್ದು ನಿಂತ. ಕಸ್ತೂರಿ ಅವನ ಅಂಗಿ ಹಿಡಿದು ಜಗ್ಗಿದಳು. ಅವನು ಬಿಡಿಸಿಕೊಂಡ.

“ಬೈಯೂದಿದ್ರ ಮೀನಿಗೆ ಬೈಬ್ಯಾಡ್ರಿ. ಅದನ್ನ ಹೊಳಿಗೆ ಬಿಟ್ಟಾಂವ ನಾ,” ಎಂದ. ಹೊಸ ಬಲೆ, ಮೊದಲ ಮೀನು, ಅರಿಶಿನ, ಎಲ್ಲವನ್ನೂ ಹೇಳಿದ. “ಮೂವತ್ತೆಂಟು ವರ್ಷ ಬಾಯಿ ಮುಚ್ಕೊಂಡಿದ್ದೆ. ಊರು ಬಿಡು ಅಂದ್ರ ಬಿಡ್ತೀನಿ. ಆದ್ರ ಅವು ಇರ್ಲಿ. ನಮ್ಮನ್ನ ಮುಳಿಗಿಸಿದ್ದೂ ಅವ, ಎತ್ತಿದ್ದೂ ಅವ.”

ಕಸ್ತೂರಿ ತಲೆ ತಗ್ಗಿಸಿ ಕಣ್ಣು ಮುಚ್ಚಿದಳು. ಈಗ ಯಾರು ಮೊದಲು ಬೈಯುತ್ತಾರೋ ಎಂದು ಕಾದಳು.

“ನಿಂದು ಎಂದಿಂದು?” ಎಂದ ಭರಮಪ್ಪ.

“ನನಗ ಇಪ್ಪತ್ನಾಕು ಇದ್ದಾಗ.”

“ನಂದು ಅದರ ಮರುವರ್ಷ,” ಎಂದು ಭರಮಪ್ಪ ನೆಲ ನೋಡಿದ. “ಮೊಳಕೈಯುದ್ದ ಇತ್ತು. ನಮ್ಮವ್ವನ ಕುಂಕುಮ ಹಚ್ಚಿ ಬಿಟ್ಲು. ಯಾರ ಮುಂದೂ ಹೇಳಬ್ಯಾಡ ಅಂದ್ಲು.”

ಹಿಂದಿನ ಸಾಲಿನಿಂದ ಒಬ್ಬ ಮುದುಕ ಕೆಮ್ಮಿದ. “ನಮ್ಮ ಮನ್ಯಾಗ ಎರಡು ಸರ್ತಿ ಆಗೈತ್ರಿಪಾ.” ಹೆಂಗಸರ ಕಡೆಯಿಂದ ಒಬ್ಬಳು ತನ್ನ ಮಾವ ಬಿಟ್ಟದ್ದನ್ನು ಹೇಳಿದಳು, ಇನ್ನೊಬ್ಬಳು ತನ್ನ ಗಂಡ ಬಿಟ್ಟದ್ದನ್ನು ಹೇಳಿ ಪಕ್ಕದಲ್ಲಿದ್ದ ಗಂಡನಿಂದ ಗುದ್ದು ತಿಂದಳು. ಒಂದು, ಎರಡು, ಏಳು, ಹನ್ನೊಂದು. ಹಿರಿಯರಿದ್ದ ಮನೆಗಳಲ್ಲಿ ತಪ್ಪಿದ ಮನೆಯೇ ಇಲ್ಲವೇನೋ ಎನ್ನುವಂತಾಯಿತು. ಗಂಗವ್ವನಿಗೆ ಹೆದರಿ ಬಿಟ್ಟರು, ಊರಿಗೆ ಹೆದರಿ ಮುಚ್ಚಿಟ್ಟರು. ಮೊದಲು ಯಾರು ನಕ್ಕರೋ ಗೊತ್ತಿಲ್ಲ. ನಗು ಹಬ್ಬಿ ಪೆಂಡಾಲಿನ ಬಟ್ಟೆಯೇ ಅಲ್ಲಾಡಿತು. ಕೈ ಎತ್ತಿಸಿ ಎಣಿಸಬೇಕೆಂದಿದ್ದ ಅತ್ತಾರ ಸಾಹೇಬರಿಗೆ ಎಣಿಸುವ ಕೆಲಸವೇ ಬೀಳಲಿಲ್ಲ, ಎಲ್ಲ ಕೈಗಳೂ ಒಮ್ಮೆಲೇ ಎದ್ದವು.

ಮನೆಯ ದಾರಿಯಲ್ಲಿ ಯಮನಪ್ಪ ದಾಪುಗಾಲು ಹಾಕುತ್ತಿದ್ದ. ಅಪ್ಪನಿಗೆ ಅಳುವೋ ನಗುವೋ ಎಂದು ಕಸ್ತೂರಿ ಓರೆಗಣ್ಣಿನಲ್ಲಿ ನೋಡುತ್ತಾ ನಡೆದಳು. ಓಣಿಯ ತಿರುವಿನಲ್ಲಿ ಅವನು ತಟ್ಟನೆ ನಿಂತ. ಮುಖ ಕೆಂಪಾಗಿತ್ತು, ಸಿಟ್ಟಿನಿಂದ.

“ಅಲ್ಲಬೇ ಕಸ್ತೂರಿ, ಮೂವತ್ತೆಂಟು ವರ್ಷ! ನಾ ಒಬ್ಬನ ಈ ಭಾರ ಹೊತ್ಕೊಂಡು ಸಾಯಾಕತ್ತಿದ್ದೆ. ಈ ಮಂದಿ ಒಬ್ರರ ಬಂದು ನಾನೂ ಬಿಟ್ಟೀನಿ ಅಂತ ಒಂದು ಮಾತು ಹೇಳಬಾರ್ದಿತ್ತೇನು?”

“ನೀ ಯಾರಿಗೆ ಹೇಳಿದ್ದೆಪಾ?” ಎಂದಳು ಕಸ್ತೂರಿ.

ಯಮನಪ್ಪ ದಾರಿಯ ನಡುವೆ, ಮಂದಿ ನೋಡುತ್ತಾರೆಂಬುದನ್ನೂ ಮರೆತು, ಸೊಂಟಕ್ಕೆ ಕೈ ಕೊಟ್ಟು ಹೊಟ್ಟೆ ನೋಯುವಷ್ಟು ನಕ್ಕ.